ಹಳೆಯದೇ ಇರಲೋ, ಹೊಸದು ಹಾಕಿಸಲೋ

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಗುಂಡನಿಗೆ ಅಕ್ಕನ ನೆನಪುಗಳು.

ಹೇಗಿದ್ದೀಯಪ್ಪಾ? ಹಡಗಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಎಂಜಿನ್ ಕೋಣೆಯಲ್ಲೇ ಮೈಮರೆಯುತ್ತೀಯೋ? ಬೆನ್ನುನೋವು ಇಳಿಯಿತೇ? ನಾವು ಚೆನ್ನಾಗಿದ್ದೇವೆ. ನನ್ನ ತಲೆ ಮಾತ್ರ ಕೆಟ್ಟು ಕೆರ ಹಿಡಿದಿದೆ.

ಆಸ್ಪತ್ರೆಯವರು ಡಾಕ್ಟರುಗಳ ಮಾತಿನ ರೆಕಾರ್ಡಿಂಗನ್ನು ಈಗ ಹೊಸ ಬಗೆಯ ಫೈಲಿನಲ್ಲಿ ಕಳಿಸುತ್ತಿದ್ದಾರೆ. ವಿಂಡೋಸ್ ಬದಲು ನನ್ನ ಕಂಪ್ಯೂಟರಿಗೆ ನೀನು ಹಾಕಿಕೊಟ್ಟ ಲಿನಕ್ಸ್‌ನಲ್ಲಿ ಅದು ತೆರೆಯುವುದೇ ಇಲ್ಲ. ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಕೇಳಿಸದಿದ್ದರೆ ಏನು ಟೈಪ್ ಮಾಡಲಿ? ನಾದಿನಿಯನ್ನು ಕರೆದೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳಲ್ಲವೇ, ಕೂತ ಕೂಡಲೇ ನಕ್ಕಳು. ಇದರಲ್ಲಿರುವ ಪ್ಲೇಯರ್ ಓಬೀರಾಯನ ಕಾಲದ್ದಂತೆ. ನನ್ನ ತಮ್ಮ ಸ್ಥಿರವಾದದ್ದನ್ನೇ ಆರಿಸಿ ಹಾಕಿದ್ದಾನೆ ಎಂದು ನಿನ್ನ ಪರ ವಹಿಸಿದೆ. ಅದಕ್ಕವಳು, "ಸ್ಥಿರ ಅಂದ್ರೆ ಕೆಡೋದಿಲ್ಲ ಅಂತಲ್ಲ ಅತ್ತಿಗೆ, ಬದಲಾಗೋದಿಲ್ಲ ಅಂತ. ತಪ್ಪಿದ್ರೆ ತಪ್ಪೂ ಹಾಗೇ ಇರುತ್ತೆ" ಅಂದಳು.

ಪರೀಕ್ಷಿಸಿ ನೋಡೆಂದು ತನ್ನ ಲ್ಯಾಪ್‌ಟಾಪ್ ಕೊಟ್ಟಳು. ಅದೂ ಲಿನಕ್ಸೇ, ಆದರೆ ಪ್ರೋಗ್ರಾಮುಗಳ ಹೊಸ ಹೊಸ ಪ್ಯಾಕೇಜುಗಳೆಲ್ಲ ಬಿಸಿಬಿಸಿಯಾಗಿ ಬಂದು ಬೀಳುವ ಜಾತಿ. ಫೈಲು ತೆರೆಯಿತು; ಮಕ್ಕಳ ಡಾಕ್ಟರು ನಡುನಡುವೆ ಕೆಮ್ಮುವುದೂ ಕೇಳಿಸಿತು. ಖುಷಿಯೋ ಖುಷಿ. ಮಂಗಳವಾರ ಇನ್ನಷ್ಟು ಹೊಸವು ಬಂದಿವೆ ಎಂದಿತು, ಹಾಕಿಕೋ ಎಂದೆ. ಮತ್ತೆ ಶುರುವಾದಾಗ ಪರದೆ ಓದಿ ಹೇಳುವ ದನಿಯೇ ಮಾಯ. ಕಣ್ಣಿದ್ದವರಿಗೆ ಪರದೆಯಾದರೂ ಉಂಟು. ಕಣ್ಣು ಕಾಣದ ನಾನು ಒಂದೊಂದೇ ಕೀಲಿ ಒತ್ತಿ, ಎಲ್ಲಿದ್ದೇನೆಂದು ತಿಳಿಯದೆ, ಅವಳು ಮನೆಗೆ ಬರುವವರೆಗೂ ಕೈಕಟ್ಟಿ ಕುಳಿತೆ. ಅವಳೂ ಪೆಚ್ಚಾದಳು. ಸಂಜೆ ಇನ್ನೊಂದು ಪ್ಯಾಕೇಜು ಬಂದು ದನಿ ಮರಳಿತು. ನನಗೆ ಧೈರ್ಯ ಮರಳಲಿಲ್ಲ. ಅವಳಿಗೂ ಅದು ಪಾಠಕ್ಕೆ ಬೇಕಲ್ಲ, ಹಿಂದಕ್ಕೆ ಕೊಟ್ಟೆ.

ನಿನ್ನದು ಮಾತಾಡುತ್ತದೆ, ಕೆಲಸಕ್ಕೆ ಬಾರದು. ಅವಳದು ಕೆಲಸಕ್ಕೆ ಬರುತ್ತದೆ, ಯಾವಾಗ ಬಾಯಿ ಮುಚ್ಚುತ್ತದೋ ಗೊತ್ತಿಲ್ಲ. ನಿನ್ನ ಭಾವನನ್ನು ಕೇಳಿದರೆ ಇಬ್ಬರೂ ಸರಿ ಎನ್ನುತ್ತಾರೆ. ಅವರಿಗೆ ತಂಗಿಯೂ ಬೇಕು, ಭಾವಮೈದುನನೂ ಬೇಕು. ನಾನೋ, ಬೆಳಿಗ್ಗೆ ನಿನ್ನ ಕಡೆ, ಮಧ್ಯಾಹ್ನ ಅವಳ ಕಡೆ.

ಸಮುದ್ರ ನಿನಗೆ ತೊಂದರೆ ಕೊಡದಿರಲಿ. ಮೈ ಕಡೆ ನಿಗಾ ಇರಲಿ.

ನಿನ್ನ
ಅಕ್ಕ

ತಾ.ಕ.: ನಿನ್ನ ಹಳೆಯದನ್ನು ಹಾಗೇ ಬಿಟ್ಟು ಪ್ಲೇಯರ್ ಒಂದನ್ನೇ ಹೊಸದು ಹಾಕಬಹುದೆಂದು ನಾದಿನಿ ಈಗಷ್ಟೇ ಹೇಳಿದಳು. ಅದಕ್ಕೆ ಬೇರೆಯದೇ ಪಾಸ್‌ವರ್ಡ್ ಬೇಕಂತೆ, ಅದು ನಿನ್ನೊಬ್ಬನಿಗೇ ಗೊತ್ತು. ಅಮ್ಮನ ಹೆಸರು, ನಿನ್ನ ಹಡಗಿನ ಹೆಸರು, ಎಲ್ಲ ಹೊಡೆದು ನೋಡಿದೆ. ಸೋಮವಾರದೊಳಗೆ ಬಾಕಿ ಬಿದ್ದ ಟೈಪಿಂಗ್ ಮುಗಿಯದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ಈ ಇಮೇಲ್ ಸಿಕ್ಕ ಕೂಡಲೇ ಉತ್ತರಿಸು. ಏನು ಮಾಡಬೇಕೆಂದು ಬರೆಯಬೇಡ ಗುಂಡಾ, ಪಾಸ್‌ವರ್ಡ್ ಬರೆ. ಕೆಟ್ಟರೆ ನನ್ನ ಕೈಯಲ್ಲೇ ಕೆಡಲಿ; ಕಂಪ್ಯೂಟರ್ ನನ್ನದು.