ಮಾರುತೇಶನ ಕುರಿ ಪಾಠ

ಹೊಳಲ್ಕೆರೆ, ಫೆಬ್ರವರಿ 12, ಬುಧವಾರ

ನನ್ನ ಹೊಸ ಪ್ರಯೋಗದಂತೆ ಇವತ್ತು ಅರ್ಥಶಾಸ್ತ್ರದ ಪಾಠ ಹುಡುಗರದ್ದೇ. ನಡುವೆ ಬಾಯಿ ಹಾಕುವುದಿಲ್ಲ ಎಂದು ಮಾತು ಕೊಟ್ಟು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ವರ್ಷವಿಡೀ ತುಟಿಪಿಟಕ್ಕೆನ್ನದ ರಾಮಗಿರಿಯ ಮಾರುತೇಶ ಎದ್ದು ಬಂದ.

"ಬಕ್ರೀದ್ ಹತ್ರ ಬಂದ್ರೆ ಕುರಿ ರೇಟು ಏರ್ತೈತೆ, ಕೊಳ್ಳೋರೂ ಜಾಸ್ತಿ ಆಗ್ತಾರೆ. ಅಂದ್ರೆ ಬೆಲೆ ಏರಿದ್ರೆ ಬೇಡಿಕೆ ಏರ್ತೈತೆ ಕಣ್ರೋ!"

ಪೂರ್ತಿ ತಲೆಕೆಳಗು. ಬೇಡಿಕೆ ಏರಿಸಿದ್ದು ಹಬ್ಬ, ಬೆಲೆ ಏರಿದ್ದು ಆಮೇಲೆ. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಯಾಕಾದರೂ ತಟ್ಟಿದೆನೋ! ಸೋಮವಾರ ಪರೀಕ್ಷೆ, ಎಲ್ಲರೂ ಅದನ್ನೇ ಬರೆಯುತ್ತಾರೆ. ನಾಳೆ ಎಲ್ಲರೆದುರು ತಿದ್ದಿದರೆ ಅವನು ಮತ್ತೆ ಬಾಯಿ ಬಿಡುತ್ತಾನಾ?

ಈಗಷ್ಟೇ ಅವನ ಮೆಸೇಜು ಬಂತು: "ಮೇಡಂ, ಮನೇಲಿ ಅಪ್ಪಂಗೂ ಹೇಳ್ಕೊಟ್ಟೆ. ನಾಳೆನೂ ನಾನೇ ಪಾಠ ಮಾಡ್ಲಾ?"

'ಹೂಂ' ಎಂದು ಟೈಪ್ ಮಾಡಿ, ಕಳಿಸಲಾಗದೆ ಕೂತಿದ್ದೇನೆ.