ಲಿಫ್ಟಮ್ಮನ ಹತ್ತು ನಿಮಿಷ

ಜೂನ್ 11, ಬೆಳಗ್ಗೆ 6.30

ಹಾಲು ಕಾಯಿಸಿಟ್ಟೆ. ಟೈಮ್‌ಟೇಬಲ್ ಮೂರನೇ ಸಲ ತಿದ್ದಿದೆ. ಕೆಮಿಸ್ಟ್ರಿ ಮೇಡಂ ಕೂಡ ಟ್ರಾನ್ಸ್‌ಫರ್‌ಗೆ ಅರ್ಜಿ ಕೊಟ್ಟಿದ್ದಾರೆ. ಈ ವರ್ಷ ನಾಲ್ಕನೆಯದು. ಕಾರಣ ಕೇಳಿದ ಜಾಗದಲ್ಲಿ 'ವೈಯಕ್ತಿಕ'. ನಾಲ್ವರದ್ದೂ ಅದೇ ಪದ. ನಾನು ಹೆಡ್‌ಮಿಸ್ಟ್ರೆಸ್ ಆಗಿ ಆರು ವರ್ಷ, ರಿಸಲ್ಟ್ ಏರುತ್ತಲೇ ಇದೆ. ಮತ್ಯಾಕೆ ಎಲ್ಲರೂ ಕಾಲು ಕೀಳುತ್ತಿದ್ದಾರೆ?

ಇವತ್ತಿನಿಂದ ಲೀಡರ್‌ಶಿಪ್ ಪ್ರೋಗ್ರಾಂ ಬೇರೆ. ಶಾಲೆ ನಡೆಸುವವರನ್ನೂ ಬಿಸಿನೆಸ್ ನಡೆಸುವವರನ್ನೂ ಜೋಡಿ ಮಾಡುತ್ತಾರಂತೆ. ಐದು ತಿಂಗಳು ಅವರು ನಮ್ಮಲ್ಲಿಗೆ, ನಾವು ಅವರಲ್ಲಿಗೆ.

"ಮದುವೆ ಬ್ರೋಕರ್ ಕೆಲ್ಸ ಅನ್ನು," ಎಂದರು ಇವರು, ಪೇಪರ್‌ನಿಂದ ತಲೆ ಎತ್ತದೆ.

ಸಂಜೆ

ನನ್ನ ಜೋಡಿ ಲಿಫ್ಟ್ ರಿಪೇರಿ ಕಂಪನಿಯ ಒಡತಿ. ಅರವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಗ್ರೀಸ್. ಮೆಕ್ಯಾನಿಕ್‌ಗಳು ಬೆನ್ನ ಹಿಂದೆ 'ಲಿಫ್ಟಮ್ಮ' ಅನ್ನುತ್ತಾರಂತೆ. ಅವರೇ ಹೇಳಿದರು, ಹೆಮ್ಮೆಯಿಂದ.

ಜೂನ್ 24

ಬೆಳಗ್ಗೆ ಎಂಟಕ್ಕೆ ಅವರ ಶೆಡ್‌ನಲ್ಲಿದ್ದೆ. ಇಪ್ಪತ್ತೆರಡು ಜನ, ಎಲ್ಲರೂ ನಿಂತೇ. ದಿನಾ ಹತ್ತು ನಿಮಿಷ ಹೀಗೆ ಸೇರುತ್ತಾರೆ. ಮೊದಲು ಮಾತಾಡಿದ್ದು ಲಿಫ್ಟಮ್ಮ.

"ನಿನ್ನೆ ನನ್ನಿಂದ ಒಂದು ತಪ್ಪಾಯ್ತು. ಆಸ್ಪತ್ರೆಯವರಿಗೆ ಹನ್ನೊಂದಕ್ಕೆ ಬರ್ತೀವಿ ಅಂದ್ಬಿಟ್ಟೆ, ನಿಮ್ಮನ್ನ ಕೇಳ್ಲೇ ಇಲ್ಲ. ತಡವಾಗಿ ಹೋಗಿ ನೀವು ಬೈಸ್ಕೊಂಡ್ರಿ."

ಆಮೇಲೆ ನರೆಗೂದಲ ಮೆಕ್ಯಾನಿಕ್ ಒಬ್ಬರು: "ಬಾಗಿಲಿನ ವೈರ್ ಉಲ್ಟಾ ಕೊಟ್ಟಿದ್ದೆ. ಕೆಳಗೆ ಬಂದ್ಮೇಲೆ ಹೊಳೀತು. ಮತ್ತೆ ಹೋಗಿ ಸರಿ ಮಾಡ್ದೆ."

ಯಾರೂ ನಗಲಿಲ್ಲ. ಲಿಫ್ಟಮ್ಮ ಥ್ಯಾಂಕ್ಸ್ ಹೇಳಿದರು. ಥ್ಯಾಂಕ್ಸ್... ತಪ್ಪು ಮಾಡಿದವರಿಗೆ.

"ಬೈಯಲ್ವಾ?" ಎಂದೆ ಆಮೇಲೆ.

"ಬೈದ್ರೆ ನಾಳೆ ಹೇಳಲ್ಲ. ಹೇಳದೇ ಇರೋ ತಪ್ಪು ಲಿಫ್ಟ್ ಒಳಗೇ ಕೂತಿರತ್ತೆ, ಜನ ಹತ್ತೋವರೆಗೂ."

ಜೂನ್ 29

ನಮ್ಮಲ್ಲೂ ಶುರು ಮಾಡಿದೆ. ಸ್ಟಾಫ್ ರೂಮು, ಮೂವತ್ತೊಂದು ಜನ. ನಿನ್ನೆ ಏನು ತಪ್ಪಾಯಿತು, ಹೇಳಿ ಎಂದೆ. ಕೊನೆಗೆ ಡ್ರಾಯಿಂಗ್ ಮೇಷ್ಟ್ರು: "ಎಲ್ಲಾ ಚೆನ್ನಾಗಿದೆ ಮೇಡಂ."

ಜುಲೈ 3

"ಇನ್ನೂ ಚೆನ್ನಾಗಿದೆ ಮೇಡಂ."

ಜುಲೈ 15

ಲಿಫ್ಟಮ್ಮ ಶಾಲೆಗೆ ಬಂದಿದ್ದರು. ಬೆಳಗ್ಗೆಯೆಲ್ಲ ನನ್ನ ರೂಮಿನ ಮೂಲೆಯಲ್ಲಿ. ಆಮೇಲೆ ಒಂದನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ, ಮೊಣಕಾಲು ಮಡಚಿಕೊಂಡು.

"ಆ ಟೀಚರ್ ಪ್ರಶ್ನೆ ಕೇಳಿ ಒಂಬತ್ತು ಎಣಿಸೋವಷ್ಟು ಹೊತ್ತು ಸುಮ್ನಿದ್ರು, ನೋಡಿ. ಆಮೇಲೆ ಮಗು ಬಾಯಿ ಬಿಡ್ತು. ನಾನು ಹೊಸಬ್ರಿಗೆ ಕಲಿಸೋವಾಗ ಎರಡಕ್ಕೇ ಉತ್ತರ ಹೇಳ್ಬಿಡ್ತೀನಿ. ನಾಳೆಯಿಂದ ಬಾಯಿ ಮುಚ್ಕೊಂಡಿರ್ಬೇಕು."

ಬರೆದುಕೊಂಡರು. ಖುಷಿಯಾಯಿತು—ನಮ್ಮಿಂದಲೂ ಒಯ್ಯುವುದು ಏನೋ ಇದೆ. ಹೊರಡುವಾಗ ಗೇಟಿನ ಹತ್ತಿರ ನಿಂತರು.

"ಬೇಜಾರ್ ಮಾಡ್ಕೋಬೇಡಿ. ಬೆಳಗ್ಗೆಯಿಂದ ಹದಿನಾಲ್ಕು ಜನ ನಿಮ್ಮ ರೂಮಿಗೆ ಬಂದ್ರು. ಎಲ್ರೂ ಬಾಗಿಲ ಹತ್ರನೇ ನಿಂತು ಒಳ್ಳೇ ಸುದ್ದಿ ಹೇಳಿ ಹೋದ್ರು. ಈ ವರ್ಷ ನೀವು ಏನು ತಪ್ಪು ಮಾಡಿದೀರಿ ಅಂತ ಅವ್ರಿಗೆ ಹೇಳಿದೀರಾ?"

"ನಾನಾ?"

ಜುಲೈ 16

ಇವರನ್ನು ಕೇಳಿದೆ, ನಾನು ಯಾವತ್ತಾದರೂ ತಪ್ಪು ಒಪ್ಪಿಕೊಂಡದ್ದುಂಟಾ ಅಂತ.

"ಒಂದ್ಸಲ. ಸಾರಿಗೆ ಎರಡ್ ಸಲ ಉಪ್ಪು ಬಿದ್ದಾಗ."

"ಯಾವಾಗ?"

"ಮಗಳು ಹುಟ್ಟೋಕೆ ಮುಂಚೆ."

ಮಗಳಿಗೆ ಈಗ ಇಪ್ಪತ್ತಾರು.

ಆಗಸ್ಟ್ 4, ಮಧ್ಯಾಹ್ನ 12

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಗಿನ ಮೀಟಿಂಗ್‌ನಲ್ಲಿ ಎದ್ದು ನಿಂತು ಹೇಳಿದೆ: "ಫೆಬ್ರವರಿಯಲ್ಲಿ ಇನ್‌ಸ್ಪೆಕ್ಷನ್ ಹಿಂದಿನ ದಿನ ಕೆಮಿಸ್ಟ್ರಿ ಮೇಡಂ ಲ್ಯಾಬ್ ಬಗ್ಗೆ ಏನೋ ಹೇಳೋಕೆ ಬಂದ್ರು. 'ಸಮಸ್ಯೆ ತರಬೇಡಿ, ಪರಿಹಾರ ತನ್ನಿ' ಅಂದೆ, ಎಲ್ಲರ ಮುಂದೆ. ಅದೇನಂತ ಇವತ್ತಿನವರೆಗೂ ಕೇಳಿಲ್ಲ. ನನ್ನ ತಪ್ಪು."

ಮನಸ್ಸಿನಲ್ಲೇ ಎಣಿಸಿದೆ. ಏಳಕ್ಕೆ ಬಾಗಿಲ ಕಡೆಯಿಂದ ದನಿ. ಟೀಚರ್ ಅಲ್ಲ. ನೀರಿನ ಜಗ್ ಹಿಡಿದು ನಿಂತಿದ್ದ ಲ್ಯಾಬ್ ಅಟೆಂಡರ್. ಬರುವ ವರ್ಷ ರಿಟೈರ್ ಆಗುವವರು.

"ಅದು ಗ್ಯಾಸ್ ವಿಷ್ಯ ಮೇಡಂ. ಸಿಲಿಂಡರ್ ಹತ್ರ ವಾಸ್ನೆ ಬರತ್ತೆ. ದಿನಾ ಸಂಜೆ ಬಿಚ್ಚಿ ಹಿತ್ತಲಿಗೆ ಹೊತ್ಕೊಂಡ್ ಹೋಗಿ ಇಡ್ತೀನಿ. ಬೆಳಗ್ಗೆ ಮತ್ತೆ ತರ್ತೀನಿ. ಮೇಡಂ ತಮ್ಮ ದುಡ್ಡಲ್ಲೇ ರೆಗ್ಯುಲೇಟರ್ ತಂದು ಹಾಕ್ಸಿದ್ರು, ಆದ್ರೂ ಪೂರ್ತಿ ನಿಲ್ಲಲಿಲ್ಲ."

"ಆರು ತಿಂಗಳಿಂದನಾ? ಯಾಕೆ ಹೇಳ್ಲಿಲ್ಲ?"

ಕೆಮಿಸ್ಟ್ರಿ ಮೇಡಂ ತಲೆ ಎತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಪರಿಹಾರ ತನ್ನಿ ಅಂದ್ರಲ್ಲ ಮೇಡಂ. ನಮ್ಮ ಕೈಲಾದ ಪರಿಹಾರ ಇದೇ."

ಲ್ಯಾಬಿನ ಮೇಲೆ ಎರಡನೇ ಕ್ಲಾಸು. ನಲವತ್ತು ಮಕ್ಕಳು.

ಸಂಜೆ

ಲ್ಯಾಬಿಗೆ ಬೀಗ ಹಾಕಿಸಿ ಲಿಫ್ಟಮ್ಮನಿಗೆ ಫೋನ್ ಮಾಡಿದ್ದೆ. ಪ್ರೋಗ್ರಾಂನಲ್ಲೇ ಇರುವ ಗ್ಯಾಸ್ ಪೈಪ್ ಕಂಪನಿಯವರನ್ನು ಒಂದು ಗಂಟೆಯೊಳಗೆ ಕರೆತಂದರು. ಸಿಲಿಂಡರ್‌ನಲ್ಲೇ ದೋಷ. ಅದನ್ನು ಸಾಗಹಾಕಿದರು. ಇನ್ನು ಸಿಲಿಂಡರ್ ಹೊರಗೇ ಇರಬೇಕು, ಕಂಬಿ ಗೂಡಿನಲ್ಲಿ, ಒಳಗೆ ಬರೀ ಪೈಪು.

ಲಿಫ್ಟಮ್ಮ ನನ್ನ ಹತ್ತಿರ ಮಾತಾಡುವ ಮೊದಲು ಅಟೆಂಡರ್ ಎಲ್ಲಿ ಎಂದು ಹುಡುಕಿಕೊಂಡು ಹೋದರು. ಕೈ ಕುಲುಕಿದರು. ಆರು ವರ್ಷದಲ್ಲಿ ನಾನು ಒಮ್ಮೆಯೂ ಕುಲುಕಿಲ್ಲ.

ಆಗಸ್ಟ್ 19

ಮೀಟಿಂಗ್ ಹತ್ತು ನಿಮಿಷಕ್ಕೆ ಮುಗಿಯುತ್ತಿಲ್ಲ. ಡ್ರಾಯಿಂಗ್ ಮೇಷ್ಟ್ರು ಒಬ್ಬರೇ ಹತ್ತು ನಿಮಿಷ.

ನವೆಂಬರ್ 6, ಸಂಜೆ 5.15

ಇಬ್ಬರು ಅರ್ಜಿ ವಾಪಸ್ ತೆಗೆದುಕೊಂಡರು. ಒಬ್ಬರು ಹೋಗಿಯಾಯಿತು. ಕೆಮಿಸ್ಟ್ರಿ ಮೇಡಂ ಅವರದು ಇವತ್ತು ಕೊನೇ ದಿನ. ಉಳಿದುಕೊಳ್ಳಿ ಎಂದು ಕೇಳಿದ್ದೆ. ಇಲ್ಲ ಎಂದರು, ನಯವಾಗಿಯೇ.

"ಹೋಗೋ ಊರಲ್ಲಿ ಅಕ್ಕ ಇದ್ದಾಳೆ, ಮನಸ್ಸು ಆ ಕಡೆ ಹೋಗ್ಬಿಟ್ಟಿದೆ. ಆದ್ರೆ ಗ್ಯಾಸ್ ಒಂದೇ ಅಲ್ಲ ಮೇಡಂ ಕಾರಣ."

"ಇನ್ನೇನು?"

"ನಿಮಗೆ ಟೈಮ್ ಇದ್ಯಾ?"

ಒಂದು ಗಂಟೆ ಮಾತಾಡಿದರು. ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಮುಚ್ಚಿದೆ. ನೋಯಿತು. ಆದರೂ ಮುಂದೇನು, ಮುಂದೇನು ಎಂದು ಕೇಳಬೇಕೆನಿಸುತ್ತಲೇ ಇತ್ತು. ಈಗಷ್ಟೇ ಆಟೋ ಹತ್ತಿ ಹೋದರು. ನನಗೆ ಅನುಕೂಲವಾಗುವಂತೆ ತಿದ್ದಿಕೊಳ್ಳುವ ಮೊದಲೇ ಅವರ ಮಾತನ್ನು ಹಾಗೇ ಬರೆದಿಡಬೇಕು. ಒಟ್ಟು ಹನ್ನೊಂದು ಕಾರಣ.

ಮೊದಲನೆಯದು: "ಮೇಡಂ, ನೀವು ನಮ್ಮಲ್ಲಿ ಯಾರನ್ನೂ ಒಂದ್ಸಲನೂ ಒಳಗೆ ಕರೆದು ಕೂರ್ಸಿಲ್ಲ."