ಹೆಬ್ಬಗೋಡಿಯ ನಲವತ್ತಮೂರು ಬೀಗದ ಕೈಗಳು

ಲಲಿತಕ್ಕಾ,

ಕ್ಷೇಮವೇ ಎಂದು ಕೇಳುವ ಹಾಗಿಲ್ಲ, ನೀವು ಉತ್ತರ ಬರೆಯುವ ಹಾಗೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಅರ್ಜಿಯಾಗಲಿ ಕಾಗದವಾಗಲಿ ಮೊದಲ ಸಾಲಿನಲ್ಲೇ ವಿಷಯ ಇರಬೇಕು, ಸುತ್ತಿ ಬಳಸಿ ಬರೆದರೆ ಓದುವವರು ಹಾಳೆ ಮಗುಚಿಬಿಡುತ್ತಾರೆ ಎಂದು ಕಲಿಸಿದವರು ನೀವೇ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನೀವು ಹದಿನೈದು ವರ್ಷ ನಡೆಸಿದ ಕೇಂದ್ರವನ್ನು ಈ ವರ್ಷ ನನ್ನ ಕೈಯಾರೆ ಮುಚ್ಚಿಬಿಡುವುದರಲ್ಲಿದ್ದೆ. ಬೈಯಿರಿ. ಆದರೆ ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾನು ಮೊದಲ ಸಲ ನಿಮ್ಮ ಮೆಟ್ಟಿಲು ಹತ್ತಿ ಬಂದ ದಿನ ನೆನಪಿದೆಯಾ? ಗಾರ್ಮೆಂಟ್ಸ್ ಕೆಲಸದಿಂದ ತೆಗೆದುಹಾಕಿದ್ದರು, ಮೈಯೆಲ್ಲ ಉರಿಯುತ್ತಿತ್ತು. ದೂರು ಬರೆದುಕೊಡಿ ಎಂದು ಕೂಗಾಡಿದೆ. ನೀವು ತಲೆ ಕೂಡ ಎತ್ತದೆ, "ಬರೆಯಕ್ಕೆ ಬರುತ್ತಾ?" ಅಂದಿರಿ. ಎಸ್ಸೆಸ್ಸೆಲ್ಸಿ ಪಾಸು ಅಂದೆ, ಸೊಕ್ಕಿನಿಂದಲೇ. "ಹಂಗಾದ್ರೆ ನಿಂದು ಆಮೇಲೆ. ಮೊದ್ಲು ಈಯಮ್ಮಂದು ಬರ್ಕೊಡು ಬಾ" ಎಂದು ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಪಿಂಚಣಿ ಅರ್ಜಿಯನ್ನು ನನ್ನ ಮುಂದೆ ತಳ್ಳಿದಿರಿ. ಆ ದಿನ ನಾಲ್ಕು ಜನರ ಅರ್ಜಿ ಬರೆದೆ. ನನ್ನ ದೂರನ್ನು ಇವತ್ತಿಗೂ ಬರೆದಿಲ್ಲ.

ಯಾರೋ ದೊಡ್ಡವರು ನೋಡಲು ಬಂದಾಗಲೆಲ್ಲ ನೀವು ಹೇಳುತ್ತಿದ್ದ ಮಾತು ನನಗೆ ನಾಚಿಕೆ ತರಿಸುತ್ತಿತ್ತು. ನಮ್ಮ ಕೇಂದ್ರ ಅಂದರೆ ಏನು? ಗೌರಮ್ಮನವರ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಹಾಲ್, ಒಂದು ಕೋಣೆ, ಚಾಪೆ, ಕುರ್ಚಿ, ಒಂದು ಪ್ರಿಂಟರ್, ಮೈಕ್ ಸೆಟ್ಟು, ಎರಡು ಬೀರು. ಸ್ವಂತ ಜಾಗವಿಲ್ಲದ ಸಂಘಗಳು ಬಂದು ಸಭೆ ಮಾಡುತ್ತಿದ್ದವು, ಕಡತ ಇಡುತ್ತಿದ್ದವು, ಅರ್ಜಿ ಬರೆಸುತ್ತಿದ್ದವು. ನೀವು ಏನು ಕೆಲಸ ಮಾಡುತ್ತೀರಿ ಎಂದು ಬಂದವರು ಕೇಳಿದರೆ, "ನಾವೇನೂ ಮಾಡಲ್ಲ ಸಾರ್, ಮಾಡೋರಿಗೆ ಜಾಗ ಕೊಡ್ತೀವಿ" ಅನ್ನುತ್ತಿದ್ದಿರಿ. ಏನೂ ಮಾಡದವರಿಗೆ ಯಾವ ಪುಣ್ಯಾತ್ಮ ದುಡ್ಡು ಕೊಡುತ್ತಾನೆ ಎಂದು ನಾನು ಒಳಗೊಳಗೇ ಗೊಣಗಿಕೊಳ್ಳುತ್ತಿದ್ದೆ.

ನೀವು ತೀರಿಕೊಂಡ ಮೇಲೆ ನನ್ನ ಗೊಣಗಾಟವೇ ನಿಜವಾಯಿತು. ನಿಮ್ಮ ಮುಖ ನೋಡಿ ಕೊಡುತ್ತಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ನನ್ನ ಬಾಯಿ ನಿಮಗೆ ಗೊತ್ತಲ್ಲ, ಕೊಡುವವರ ಹತ್ತಿರವೂ ಜಗಳ ಆಡಿಬಿಡುತ್ತೇನೆ. ಅದರ ಮೇಲೆ ಗೌರಮ್ಮನವರ ಮಗ ನಾಗೇಶ ಬಂದ. "ಪದ್ಮಕ್ಕ, ಬೇಜಾರು ಮಾಡ್ಕೋಬೇಡಿ. ಈ ತಿಂಗಳಿಗೆ ಅಗ್ರಿಮೆಂಟ್ ಮುಗಿಯುತ್ತೆ. ಪಿಜಿ ಹಾಸ್ಟೆಲ್ ಮಾಡೋರು ಕೇಳ್ತಾವ್ರೆ, ನೀವು ಕೊಡೋದರ ಡಬಲ್ ಕೊಡ್ತಾರೆ. ನೀವು ಜಾಸ್ತಿ ಕೊಡಂಗಿದ್ರೆ ಹೇಳಿ, ಇಲ್ಲಾಂದ್ರೆ ಖಾಲಿ ಮಾಡ್ಬಿಡಿ" ಅಂದ. ಅವನನ್ನು ದೂರಿ ಏನು ಪ್ರಯೋಜನ? ಹೆಬ್ಬಗೋಡಿಯಲ್ಲಿ ಈಗ ಯಾರ ಮನೆ ಮೇಲೆ ನೋಡಿದರೂ ಪಿಜಿ ಬೋರ್ಡೇ.

ಆಗ ಸಿಕ್ಕಿದ್ದು ಸಮಾಜಸೇವೆಗೆಂದು ದುಡ್ಡು ಕೊಡುವ ಒಂದು ಕಂಪನಿ. ಎಲೆಕ್ಟ್ರಾನಿಕ್ ಸಿಟಿಯಿಂದ ಒಬ್ಬ ಮೇಡಂ ಬಂದು ಹಾಲ್ ನೋಡಿದರು, ಚಾಪೆಯ ಮೇಲೇ ಕೂತು ಟೀ ಕುಡಿದರು. ಒಳ್ಳೆಯ ಹುಡುಗಿ ಅಕ್ಕಾ, ಸುಳ್ಳು ಹೇಳಬಾರದು. ಎರಡು ವರ್ಷದ ಬಾಡಿಗೆ, ಸಂಬಳ, ಎಲ್ಲ ಕೊಡುತ್ತೇವೆ ಎಂದರು. "ಆದ್ರೆ ಪದ್ಮಾ ಮೇಡಂ, ಯಾರು ಬೇಕಾದ್ರೂ ಒಳಗೆ ಬರೋ ಜಾಗಕ್ಕೆ ನಮ್ಮಲ್ಲಿ ಅಪ್ರೂವಲ್ ಸಿಗಲ್ಲ. ಒಂದೇ ಬೀಗ, ಒಬ್ರೇ ಜವಾಬ್ದಾರಿ, ಫಿಕ್ಸ್ಡ್ ಟೈಮಿಂಗ್. ಇಷ್ಟು ಮಾಡ್ಬಿಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರು. ಇದೇನು ಮಹಾ ಎಂದುಕೊಂಡೆ. ಇರುವುದೇ ಮೂರು ಬೀಗದ ಕೈ. ನಿಮ್ಮದು ನನ್ನ ಹತ್ತಿರವೇ ಇದೆ, ಇನ್ನೊಂದು ನನ್ನದು, ಮತ್ತೊಂದು ಕೆಳಗಿನ ಟೀ ಅಂಗಡಿ ಮೂರ್ತಿಯಣ್ಣನದು. ಆದರೂ ನಿಯಮ ನಿಯಮವೇ ಅಲ್ಲವಾ? ಕೇಂದ್ರದ ಕೀ ಇರುವವರು ಶನಿವಾರದೊಳಗೆ ವಾಪಸ್ ಕೊಡಬೇಕು ಎಂದು ಬಾಗಿಲಿಗೆ ನೋಟಿಸ್ ಅಂಟಿಸಿದೆ. ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟೆ.

ಶನಿವಾರ ಬೆಳಿಗ್ಗೆ ಮೊದಲು ಬಂದವರು ಸೆಕ್ಯೂರಿಟಿ ಗಾರ್ಡುಗಳು. ನೀಲಿ ಅಂಗಿ ಇನ್ನೂ ಬಿಚ್ಚಿರಲಿಲ್ಲ. ಒಬ್ಬಾತ ಜೇಬಿನಿಂದ ಬೀಗದ ಕೈ ತೆಗೆದು ತಟ್ಟೆಯಲ್ಲಿಟ್ಟ. ನಿಮಗೆಲ್ಲಿ ಸಿಕ್ಕಿತು ಎಂದು ನಾನು ಪೊಲೀಸಿನವಳ ಹಾಗೆ ಕೇಳಿದೆ. "ಲಲಿತಕ್ಕಾರ ಕೊಟ್ಟಿದ್ರಿ. ನೈಟ್ ಡ್ಯೂಟಿ ಮುಗಿಸ್ಕೊಂಡು ಆರಕ್ಕ ಬಂದು ನಮ್ ಸಂಘದ ಮೀಟಿಂಗ್ ಮಾಡ್ತೀವ್ರಿ. ಮೂರು ಸಲ ಬಂದವ್ರು ನಾಕನೇ ಸಲ ತಾವಾ ಬಾಗಲಾ ತಗೀಬೇಕು ಅಂತಿದ್ರು ಅಕ್ಕಾರ" ಅಂದ. ಹತ್ತು ವರ್ಷ ನಿಮ್ಮ ಪಕ್ಕದಲ್ಲೇ ಕೂತಿದ್ದೆನಲ್ಲ ಅಕ್ಕಾ, ನನಗೊಂದು ಮಾತು ಹೇಳಬಾರದಿತ್ತಾ?

ಮಧ್ಯಾಹ್ನ ಎರಡರ ಹೊತ್ತಿಗೆ ಬಂದವಳು ಹನುಮವ್ವ. ರಾಯಚೂರು ಕಡೆಯವಳು, ಯಾವುದೋ ಆಫೀಸಿನಲ್ಲಿ ನೆಲ ಒರೆಸುತ್ತಾಳೆ, ಗೌರಮ್ಮನವರದೇ ಹಿಂದಿನ ವಠಾರದಲ್ಲಿ ಬಾಡಿಗೆಗಿದ್ದಾಳೆ. "ನೀವು ಊಟಕ್ಕ ಹೋದಾಗ ನಾವು ಆರು ಮಂದಿ ಬಂದು ಅಕ್ಷರ ಕಲೀತೀವ್ರಿ. ನಾನಾ ಕಲಸ್ತೀನಿ" ಎಂದು ನಾಚಿಕೊಂಡು ನಕ್ಕಳು. ಊಟ ಮುಗಿಸಿ ಬಂದಾಗ ಕರಿಹಲಗೆಯ ಮೂಲೆಯಲ್ಲಿ ಕಾಣುತ್ತಿದ್ದ ಅ ಆ ಇ ಈ ಯಾರದೋ ಮಕ್ಕಳ ಗೀಚಾಟ ಎಂದು ನಾನು ದಿನಾ ಒರೆಸಿ ಹಾಕುತ್ತಿದ್ದೆ. ಆಮೇಲೆ ಕಿವಿ ಕೇಳದ ಹುಡುಗ ಹುಡುಗಿಯರ ಗುಂಪು ಬಂತು. ಭಾನುವಾರ ನಮ್ಮ ಹಾಲಿನಲ್ಲಿ ಬೆಳಕು ಚೆನ್ನಾಗಿರುತ್ತದೆ, ಕೈಯಾಡಿಸಿ ಮಾತಾಡುವುದು ದೂರದವರಿಗೂ ಕಾಣುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ತೋರಿಸಿದರು.

ಸಂಜೆ ತಟ್ಟೆಯ ಮುಂದೆ ಕೂತು ಎಣಿಸಿದೆ. ನಲವತ್ತಮೂರು. ಯಾವುದು ಮೂಲ, ಯಾವುದು ನಕಲು, ಯಾವುದು ನಕಲಿನ ನಕಲು, ದೇವರಿಗೇ ಗೊತ್ತು. ನೀವು ಒಬ್ಬರಿಗೆ ಕೊಟ್ಟಿದ್ದೀರಿ, ಅವರು ಬಸ್ ಸ್ಟಾಪಿನ ಹತ್ತಿರ ಮಾಡಿಸಿ ಇನ್ನೊಬ್ಬರಿಗೆ ಕೊಟ್ಟಿದ್ದಾರೆ, ಅವರು ಮತ್ತೊಬ್ಬರಿಗೆ... ನಲವತ್ತಮೂರು ಕೈಗಳಲ್ಲಿ ಬಾಗಿಲಿತ್ತಲ್ಲ, ಒಂದು ಕುರ್ಚಿ ಕಳೆದಿತ್ತಾ? ಒಂದು ಲೋಟ? ಕೆಟ್ಟ ಟ್ಯೂಬ್‌ಲೈಟ್ ತಾನಾಗಿ ಹೊಸದಾಗಿರುತ್ತಿತ್ತು. ನೀವು ಹಾಕಿಸಿದ್ದು ಎಂದು ನಾನು ಸುಮ್ಮನಿದ್ದೆ. ಕೇಂದ್ರವನ್ನು ನಾನು ನಡೆಸುತ್ತಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ, ಅದು ನಾನು ಮನೆಯಲ್ಲಿದ್ದಾಗಲೇ ಜಾಸ್ತಿ ನಡೆಯುತ್ತಿತ್ತು. ಇಷ್ಟು ದೊಡ್ಡದನ್ನು ಇಷ್ಟು ಸದ್ದಿಲ್ಲದೆ ಹೇಗೆ ಮಾಡಿದಿರಿ?

ಇಷ್ಟೆಲ್ಲ ತಿಳಿದ ಮೇಲೂ ಸೋಮವಾರ ಬೀಗ ಬದಲಿಸಿದೆ. ಬಾಡಿಗೆ ಯಾರು ಕೊಡುತ್ತಾರೆ, ಜಾಗವೇ ಹೋದರೆ ಇವರೆಲ್ಲ ಎಲ್ಲಿಗೆ ಹೋಗುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರು ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಿ ನೇತುಹಾಕಿದೆ. ಯಾರೂ ಜಗಳ ಆಡಲಿಲ್ಲ. ಒಬ್ಬರಾದರೂ ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ.

ಗುರುವಾರ ಹತ್ತಕ್ಕೆ ಬಂದಾಗ ಮೆಟ್ಟಿಲ ಮೇಲೆ ಬಸಪ್ಪ ಕೂತಿದ್ದ. ಸೆಂಟ್ರಿಂಗ್ ಕೆಲಸದ ಬಸಪ್ಪ, ಯಾದಗಿರಿಯವನು, ನಿಮಗೆ ಚೆನ್ನಾಗಿ ಗೊತ್ತು. ಇಲ್ಲಿ ತೀರಿಕೊಂಡ ಕೂಲಿಯವರನ್ನು ಅವರವರ ಊರು ಮುಟ್ಟಿಸಲು ಅವನು ಕಟ್ಟಿದ ಸಂಘದ ಕಡತ ನಮ್ಮ ಬೀರುವಿನಲ್ಲೇ ಇರುವುದು. ಅವನ ಜೊತೆ ಮೂವರು ಹುಡುಗರು, ಯಾರ ಮುಖದಲ್ಲೂ ರಕ್ತವಿಲ್ಲ. ಅವರ ರೂಮಿನ ಮಲ್ಲಪ್ಪನೆಂಬ ಹುಡುಗ ಬೆಳಗಿನ ಜಾವ ಎದೆನೋವೆಂದವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ. ಬಂದು ತಿಂಗಳಾಗಿತ್ತಷ್ಟೆ, ಅವನ ಊರು ಯಾವುದೆಂದು ಇವರಿಗೆ ಸರಿಯಾಗಿ ಗೊತ್ತಿಲ್ಲ. ಅವನ ಫೋನಿಗೆ ಲಾಕ್. ಅವನು ಸಂಘಕ್ಕೆ ಸೇರಿದ ದಿನ ತನ್ನ ಕೈಯಾರೆ ಬರೆದುಕೊಟ್ಟಿದ್ದ ಊರಿನ ಹೆಸರು, ಅವ್ವನ ಫೋನ್ ನಂಬರು, ಎರಡೂ ನನ್ನ ಹೊಸ ಬೀಗದ ಹಿಂದೆ ಇದ್ದವು.

"ಎಷ್ಟೊತ್ತಿಗೆ ಬಂದ್ರಿ?" ಅಂದೆ. ಆರಕ್ಕೆ ಅಂದ. "ನನಗೊಂದು ಫೋನ್ ಮಾಡಬಾರದಾ ಬಸಪ್ಪ? ಬೀಗ ಒಡೀಬಾರದಾ?" ಎಂದು ಅವನ ಮೇಲೇ ಹರಿಹಾಯ್ದೆ, ನಾಚಿಕೆಗೇಡಿ ನಾನು. "ಬೋರ್ಡ್ ಮ್ಯಾಲ ಹತ್ತು ಗಂಟೆ ಅಂತ ಬರಸೀರಲ್ರಿ" ಅಂದ ಅವನು. ಅದರಲ್ಲಿ ಕೊಂಕು ಇರಲಿಲ್ಲ ಅಕ್ಕಾ. ಅವನ ಪಾಲಿಗೆ ಇದು ನಿಮ್ಮ ಕೇಂದ್ರ, ಅದರ ಬೋರ್ಡು ಏನು ಹೇಳಿದರೂ ಸರಿಯೇ. ಬೀಗ ತೆಗೆದು ಹಾಳೆ ಹುಡುಕಿ ಕೊಟ್ಟೆ. ಫೋನ್ ಮಾಡಿದವನು ಬಸಪ್ಪನೇ. ಆ ಕಡೆಯಿಂದ ಬಂದ ಕೂಗು ಕೋಣೆಗೆಲ್ಲ ಕೇಳಿಸಿತು. ಆ ತಾಯಿಗೆ ನಾಲ್ಕು ಗಂಟೆ ತಡವಾಗಿ ತಿಳಿಯಿತು, ನನ್ನಿಂದ ತಡವಾಯಿತು ಎಂದು ನಾನು ಅತ್ತುಬಿಟ್ಟೆ. ಬಸಪ್ಪ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟ. "ಹೋಗ್ಲಿ ಬಿಡ್ರಿ ಅಕ್ಕಾರ. ನಾಕ್ ತಾಸು ಆಕಿ ಮಗ ಇನ್ನೂ ಜೀವಂತ ಇದ್ದ" ಅಂದ. ಆಮೇಲೆ ಆಂಬುಲೆನ್ಸಿನವರಿಗೆ ಹೇಳಲು ಕೆಳಗಿಳಿದು ಹೋದ.

ಆ ಮಧ್ಯಾಹ್ನವೇ ಹೊಸ ಬೀಗ ಬಿಚ್ಚಿ ಹಳೆಯದನ್ನು ಹಾಕಿದೆ. ಕಂಪನಿಯ ಮೇಡಂಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. "ನಂಗೆ ಅರ್ಥ ಆಗುತ್ತೆ ಮೇಡಂ. ನಮ್ಮ ಆಡಿಟ್‌ನವ್ರಿಗೆ ಅರ್ಥ ಮಾಡ್ಸಕ್ಕಾಗಲ್ಲ. ಸಾರಿ" ಎಂದರು. ಅಲ್ಲಿಗೆ ಆ ದುಡ್ಡಿನ ಕಥೆ ಮುಗಿಯಿತು. ಭಾನುವಾರ ಎಲ್ಲ ಸಂಘಗಳನ್ನೂ ಒಟ್ಟಿಗೆ ಕರೆದೆ, ಕೇಂದ್ರ ಶುರುವಾದಾಗಿನಿಂದ ಇದೇ ಮೊದಲು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ, "ನೀವೂ ಇಲ್ಲಿಗೇ ಬರ್ತೀರಾ?" ಎಂದು ಆಶ್ಚರ್ಯಪಡುವುದರಲ್ಲೇ ಅರ್ಧ ಗಂಟೆ ಹೋಯಿತು. ತಪ್ಪಾಯಿತು ಎಂದೆ, ನಿಮ್ಮ ನಿಮ್ಮ ಬೀಗದ ಕೈ ತಗೊಳ್ಳಿ ಎಂದು ತಟ್ಟೆಯನ್ನು ಮುಂದಿಟ್ಟೆ. ಗಲಾಟೆ ಗದ್ದಲ ಎಲ್ಲ ಮುಗಿದ ಮೇಲೆ, ಈಗಿರುವ ಬಾಡಿಗೆಯನ್ನು ಎಲ್ಲ ಸಂಘಗಳೂ ಹಂಚಿಕೊಂಡು ಕೊಡುವುದೆಂದು ತೀರ್ಮಾನವಾಯಿತು. ಡಬಲ್ ಬಾಡಿಗೆ ಮಾತ್ರ ಯಾರ ಕೈಲೂ ಆಗುವಂತಿರಲಿಲ್ಲ. ಪಿಜಿಯವರು ಕೊಡುವುದೋ ಡಬಲ್.

ತಿಂಗಳ ಕೊನೆಯ ದಿನ, ಆಗಿದ್ದಾಗಲಿ ಎಂದು ಹಳೆಯ ಬಾಡಿಗೆಗೇ ಒಂದು ಅಗ್ರಿಮೆಂಟ್ ಟೈಪ್ ಮಾಡಿಸಿಕೊಂಡು ಗೌರಮ್ಮನವರ ಮನೆಗೆ ಹೋದೆ. ಕಟ್ಟಡ ಅವರ ಹೆಸರಿನಲ್ಲಿದೆ ಎಂಬುದೊಂದೇ ಆಸೆ. ಆದರೆ ಆಡಿಸುವವನು ಮಗ ಎಂದು ಊರಿಗೇ ಗೊತ್ತು. ನಾನು ಹೋಗುವಷ್ಟರಲ್ಲಿ ಪಿಜಿಯವನು ಸೋಫಾದ ಮೇಲೆ ಕೂತಿದ್ದ. ಛಾಪಾ ಕಾಗದ ಸಿದ್ಧವಾಗಿತ್ತು. ನಾಗೇಶ ಇಂಕ್ ಪ್ಯಾಡ್ ತೆರೆದು, "ಅವ್ವಾ, ಇಲ್ಲೊಂದು ಹೆಬ್ಬೆಟ್ಟು ಒತ್ತು" ಎಂದು ಕೈ ಹಿಡಿದುಕೊಂಡ.

ಗೌರಮ್ಮ ಕೈ ಬಿಡಿಸಿಕೊಂಡರು. "ತಡೀಲಾ. ಏನ್ ಬರದವ್ರೆ ಅಂತ ನೋಡ್ತೀನಿ" ಅಂದರು. ನಾಗೇಶ ನಕ್ಕ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, ತುಟಿ ಅಲುಗಿಸುತ್ತ ಓದತೊಡಗಿದರು. ಒಂದೊಂದೇ ಅಕ್ಷರ. ನಾಗೇಶನ ನಗು ನಿಂತುಹೋಯಿತು. ಎರಡನೇ ಹಾಳೆಯ ಹೊತ್ತಿಗೆ ಅವರು ತಲೆ ಎತ್ತಿ, "ಐದು ವರ್ಸ ನಮ್ಮ ಕಟ್ಟಡದಾಗೆ ನಾವೇ ಬಾಯಿ ಆಕಂಗಿಲ್ಲ ಅಂತ ಐತೆ. ಇದನ್ನ ನಂಗೆ ಯೋಳಿದ್ಯಾ ನೀನು?" ಅಂದರು. ಅವನು ಪಿಜಿಯವನ ಮುಖ ನೋಡಿದ. "ಪದ್ಮಾ, ನಿನ್ ಕಾಗ್ದ ಎಲ್ಲೈತಮ್ಮ?" ಎಂದು ನನ್ನ ಕಡೆ ಕೈ ಚಾಚಿದರು. ಅದನ್ನೂ ಬಿಡದೆ ಓದಿದರು. ಎಲ್ಲರೂ ಕಾದೆವು. ಕೊನೆಗೆ ಇಂಕ್ ಪ್ಯಾಡನ್ನು ಆ ಕಡೆ ಸರಿಸಿ, ಮಗನ ಜೇಬಿನಿಂದಲೇ ಪೆನ್ನು ತೆಗೆದುಕೊಂಡು, ನನ್ನ ಕಾಗದದ ಮೇಲೆ ತಮ್ಮ ಹೆಸರು ಬರೆದರು. "ಬಾಡಿಗೆ ಒಂದ್ ರೂಪಾಯ್ನೂ ಬಿಡಾಕಿಲ್ಲ ಕಣಮ್ಮ. ಐದನೇ ತಾರೀಕು ಅಂದ್ರೆ ಐದೇ" ಅಂದರು.

ಅಕ್ಕಾ, ಆಮೇಲೆ ಹನುಮವ್ವನನ್ನೇ ಕೇಳಿ ತಿಳಿದುಕೊಂಡೆ, ಅವಳು ಹೇಳಿದ ಆರು ಮಂದಿಯಲ್ಲಿ ಆರನೆಯವರು ಇವರೇ! ಬಾಡಿಗೆಯವಳ ಮುಂದೆ ಸ್ಲೇಟು ಹಿಡಿದು ಕೂತಿದ್ದಾರೆ, ನೀವು ಹೋದ ಮೇಲೆ, ತಮ್ಮದೇ ಕಟ್ಟಡದಲ್ಲಿ, ಮಗನಿಗೆ ಗೊತ್ತಾಗದ ಹಾಗೆ. ಇದು ನೀವು ಕೇಳದೆ ಹೋದ ಸುದ್ದಿ. ಇನ್ನು ಮೇಲೆ ಯಾರಾದರೂ ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ನಾನು ನಾಚಿಕೊಳ್ಳುವುದಿಲ್ಲ, ಮಾತು ಕೊಡುತ್ತೇನೆ.

ಆ ದಿನ ಪಿಜಿಯವನು ಎದ್ದು ಹೋದ ಮೇಲೂ ನಾಗೇಶ ಆ ರುಜುವನ್ನೇ ನೋಡುತ್ತ ನಿಂತಿದ್ದ. ಕೋಪವಿರಲಿಲ್ಲ, ಕಣ್ಣು ತುಂಬಿತ್ತು. "ಅವ್ವಾ, ನಿಂಗೆ ಓದಕ್ಕೆ ಯಾವಾಗ ಬಂತು?" ಎಂದು ಕೇಳಿದ.

"ನೀನು ಕೇಳಿದ್ದೇ ಇವತ್ತು ಕಣ್ಲಾ" ಅಂದರು ಗೌರಮ್ಮ.

ನಿಮ್ಮ
ಪದ್ಮ